ಲ್ಯಾಪ್‌ಟಾಪು, ಟೀವಿ ಮತ್ತು ನಡುವಿನ ತಂತಿ ಪುರಾಣ

ಟೀವಿಯ ಮುಖವನ್ನು ಎಲ್ಲರೂ ನೋಡುತ್ತಾರೆ, ಬೆನ್ನು ನೋಡುವವರು ಕಡಿಮೆ. ಲ್ಯಾಪ್‌ಟಾಪಿನಲ್ಲಿರುವ ಸಿನಿಮಾವನ್ನು ಮನೆಮಂದಿಗೆಲ್ಲ ದೊಡ್ಡ ಪರದೆಯಲ್ಲಿ ತೋರಿಸೋಣ ಅಂತ ಹೊರಟವರು ಮಾತ್ರ ಗೋಡೆಗೂ ಟೀವಿಗೂ ನಡುವಿನ ಸಂದಿಯಲ್ಲಿ ತಲೆ ತೂರಿಸಿ, ಟಾರ್ಚು ಬಿಟ್ಟುಕೊಂಡು, ಜೇಡರ ಬಲೆ ಸರಿಸಿ ಅಲ್ಲಿರುವ ತೂತುಗಳನ್ನು ಎಣಿಸಿರುತ್ತಾರೆ. ಒಂದು ಹಳದಿ, ಒಂದು ಕೆಂಪು, ಒಂದು ಬಿಳಿ, ಹದಿನೈದು ಕಣ್ಣಿನದು ಒಂದು ನೀಲಿ, ಚಪ್ಪಟೆ ಬಾಯಿಯವು ಒಂದೆರಡು, ಮೂಲೆಯಲ್ಲಿ ಆಂಟೆನಾದ್ದು ಇನ್ನೊಂದು. ಒಂದೊಂದು ತೂತೂ ಒಂದೊಂದು ಕಾಲದ್ದು. ನಮ್ಮ ಹಾಸನ ಜಿಲ್ಲೆಯಲ್ಲಿ ಯಾವ ಊರಿಗೆ ಹೋದರೂ ಒಂದು ಶಾಸನದ ಕಲ್ಲು ಸಿಗುತ್ತದೆ, ಅದನ್ನು ಓದಿ ಹೇಳುವವರೂ ಸಿಗುತ್ತಾರೆ. ಟೀವಿಯ ಬೆನ್ನ ಮೇಲಿನ ಈ ಶಾಸನ ಓದುವವರು ಯಾರೂ ಸಿಗಲಿಲ್ಲ. ಹಾಗಾಗಿ ನಾನೇ ಕೂತೆ :-)

ನನ್ನೂರು ಅರಸೀಕೆರೆ. ಅಕ್ಕನನ್ನು ಕೊಟ್ಟಿರುವುದು ಬೇಲೂರಿಗೆ. ಇಲ್ಲಿಂದ ಅಲ್ಲಿಗೆ ಹೋಗುವಾಗ ಬಾಣಾವರ, ಜಾವಗಲ್, ಹಳೇಬೀಡು ಸಿಗುತ್ತವೆ. ಈ ದಾರಿಯಲ್ಲಿ ಆಂಟೆನಾ ಬಂದದ್ದು, ಹೋದದ್ದು, ಕೊಡೆ ಬಂದದ್ದು, ಕೇಬಲ್ ಬಂದದ್ದು ಎಲ್ಲವನ್ನೂ ಬಸ್ಸಿನ ಕಿಟಕಿಯಿಂದಲೇ ನೋಡಿದ್ದೇನೆ.

ಮೊದಲಿಗೆ ಒಂದು ವಿಷಯ. ಚಿತ್ರ ಮತ್ತು ಧ್ವನಿ ನಾವು ತಿಳಿದುಕೊಂಡ ಹಾಗೆ ಒಂದೇ ವಸ್ತು ಅಲ್ಲ. ಟೀವಿಯಲ್ಲಿ ಅವು ಮೊದಲ ದಿನದಿಂದಲೂ ಬೇರೆ ಬೇರೆಯೇ. ನಮ್ಮ ದೇಶ ಆರಿಸಿಕೊಂಡ ಅನಲಾಗ್ ಪದ್ಧತಿಯಲ್ಲಿ ಚಿತ್ರ ಒಂದು ಅಲೆಯ ಮೇಲೆ ಬರುತ್ತಿತ್ತು, ಧ್ವನಿ ಅದಕ್ಕಿಂತ 5.5 ಮೆಗಾಹರ್ಟ್ಸ್ ಮೇಲಿನ ಇನ್ನೊಂದು ಅಲೆಯ ಮೇಲೆ. ಚಿತ್ರದ್ದು ಎಎಂ, ಧ್ವನಿಯದ್ದು ಎಫ್‌ಎಂ. ಒಂದೇ ಗಾಡಿಯ ಎರಡು ಎತ್ತು ಅನ್ನಿ. ಎಫ್‌ಎಂ ಎತ್ತು ಸ್ವಲ್ಪ ಗಟ್ಟಿ, ಸಿಗ್ನಲ್ ಬಡವಾದಾಗ ಮೊದಲು ಕುಸಿಯುತ್ತಿದ್ದದ್ದು ಚಿತ್ರ. 1996ರ ಅಕ್ಟೋಬರ್ 21ರ ರಾತ್ರಿ ಬೆಂಗಳೂರಿನಲ್ಲಿ ಶ್ರೀನಾಥ್ ಮತ್ತು ಕುಂಬ್ಳೆ ಸೇರಿ ಆಸ್ಟ್ರೇಲಿಯಾದ ಕೈಯಿಂದ ಪಂದ್ಯ ಕಿತ್ತುಕೊಂಡರಲ್ಲ, ಟೈಟನ್ ಕಪ್ಪಿನದು, ಆ ಕೊನೆಯ ಓವರುಗಳನ್ನು ನಮ್ಮ ಬೀದಿಯವರು ಪೂರ್ತಿ ನೋಡಲಿಲ್ಲ, ಕೇಳಿದೆವು. ಪರದೆ ತುಂಬ ಮಳೆ, ಒಳಗಿಂದ ಮಾತು ಮಾತ್ರ ಸ್ಪಷ್ಟ. (ಜಾವಗಲ್ ಅರಸೀಕೆರೆ ತಾಲ್ಲೂಕು ಅನ್ನೋದನ್ನ ಹೊರಗಿನವರಿಗೆ ಹೇಳಿಕೊಳ್ಳುವ ಅವಕಾಶ ನಾವು ಯಾರೂ ಬಿಡುವುದಿಲ್ಲ.)

ಕರ್ನಾಟಕದ ಹಳ್ಳಿಗೆ ಟೀವಿ ಬಂದದ್ದೇ ಈ ಬೇರ್ಪಟ್ಟ ಧ್ವನಿಯ ಜೊತೆ. ಬೆಂಗಳೂರು ದೂರದರ್ಶನ ಶುರುವಾದದ್ದು 1981ರ ನವೆಂಬರ್ 1ರಂದು. ಅದಕ್ಕೂ ಆರು ವರ್ಷ ಮುಂಚೆ, 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳಲ್ಲಿ ಜನ ಶಾಲೆಯ ಮುಂದೆ, ಚಾವಡಿಯ ಮುಂದೆ ಕೂತು ಟೀವಿ ನೋಡಿದ್ದರು. ಅದು ಸೈಟ್ ಪ್ರಯೋಗ. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ತಂದು ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ನೇರ ಆಕಾಶದಿಂದಲೇ ಕಾರ್ಯಕ್ರಮ ಕೊಟ್ಟರು. ಮೂರು ಮೀಟರ್ ಅಗಲದ ಜಾಲರಿ ಕೊಡೆ, ಕೋಳಿ ಗೂಡಿನ ಬಲೆಯಂಥದ್ದು. ಆ ಉಪಗ್ರಹ ಒಂದು ಚಿತ್ರದ ಜೊತೆ ಎರಡು ಧ್ವನಿ ಹೊತ್ತು ತರಬಲ್ಲದಾಗಿತ್ತು. ಹಾಗಾಗಿ ಒಂದೇ ಚಿತ್ರಕ್ಕೆ ಒಂದು ಹಳ್ಳಿಯಲ್ಲಿ ಒಂದು ಭಾಷೆ, ಇನ್ನೊಂದು ಹಳ್ಳಿಯಲ್ಲಿ ಇನ್ನೊಂದು ಭಾಷೆ ಕೊಡುವುದು ಸಾಧ್ಯವಿತ್ತು. ಈಗ ಕಾರ್ಟೂನ್ ಚಾನೆಲ್ಲಿನಲ್ಲಿ ಮಕ್ಕಳು ರಿಮೋಟ್ ಒತ್ತಿ ಭಾಷೆ ಬದಲಾಯಿಸುವುದನ್ನು ನೋಡಿದಾಗಲೆಲ್ಲ ನನಗೆ 1975 ನೆನಪಾಗುತ್ತದೆ.

ಎರವಲಿನದು ವಾಪಸ್ ಹೋಯಿತು. ಸ್ವಂತದ್ದು ಬರಬೇಕಾಯಿತು. ಇಲ್ಲಿಂದ ಕಥೆ ನಮ್ಮ ಜಿಲ್ಲೆಗೆ ಬರುತ್ತದೆ.

ಹಾಸನದ ಸಾಲಗಾಮೆ ರಸ್ತೆಯಲ್ಲಿ ದೊಡ್ಡ ದೊಡ್ಡ ಬಿಳಿ ಕೊಡೆಗಳು ಆಕಾಶ ನೋಡುತ್ತಾ ನಿಂತಿವೆಯಲ್ಲ, ಅದು ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ. ಊರವರ ಬಾಯಲ್ಲಿ ಎಂಸಿಎಫ್. 1982ರಲ್ಲಿ ಇನ್ಸಾಟ್ ಉಪಗ್ರಹಗಳಿಗಾಗಿಯೇ ಅದು ಶುರುವಾಯಿತು. ಉಪಗ್ರಹವನ್ನು ರಾಕೆಟ್ಟು ಬಿಟ್ಟುಬಂದ ಮೇಲೆ ಅದನ್ನು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ ಅದರ ಜಾಗಕ್ಕೆ ಕೂರಿಸುವುದು, ಸೂರ್ಯಫಲಕ ಬಿಡಿಸುವುದು, ಜರುಗದ ಹಾಗೆ ವರ್ಷಗಟ್ಟಲೆ ಹಿಡಿದಿಡುವುದು ಇಲ್ಲಿನ ಕೆಲಸ. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್ಸಾಟ್-1ಎ ಸರಿಹೋಗಲಿಲ್ಲ, ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೈಬಿಡಬೇಕಾಯಿತು. 1983ರ ಆಗಸ್ಟ್ 30ರಂದು ಚಾಲೆಂಜರ್ ನೌಕೆಯಲ್ಲಿ ಹೋದ ಇನ್ಸಾಟ್-1ಬಿ ಕೂಡ ಮೊದಲು ಕಾಟ ಕೊಟ್ಟಿತು, ಸೂರ್ಯಫಲಕ ಬಿಚ್ಚಿಕೊಳ್ಳಲು ಸತಾಯಿಸಿತು. ಕೊನೆಗೆ ಸರಿಯಾಯಿತು. ಆಮೇಲೆ ದೇಶದ ತುಂಬ ಸಣ್ಣ ಸಣ್ಣ ಮರುಪ್ರಸಾರ ಕೇಂದ್ರಗಳು ಎದ್ದವು. 1984ರಲ್ಲಿ ಸರಾಸರಿ ದಿನಕ್ಕೊಂದು ಅಂತ ಹೇಳುವಷ್ಟು ವೇಗ. ಅಂಥ ಒಂದು 100 ವ್ಯಾಟಿನ ಕೇಂದ್ರ ಆಕಾಶದಿಂದ ಬಂದದ್ದನ್ನು ಹಿಡಿದು ಸುತ್ತ ಇಪ್ಪತ್ತು-ಇಪ್ಪತ್ತೈದು ಕಿಲೋಮೀಟರಿಗೆ ಹಂಚುತ್ತಿತ್ತು. ಬಂದದ್ದು ಬಹುಪಾಲು ದೆಹಲಿಯದ್ದೇ, ಹಿಂದಿಯಲ್ಲಿ.

ನನಗೆ ಇದರಲ್ಲಿ ಒಂದು ತಮಾಷೆ ಕಾಣುತ್ತದೆ. ಇಡೀ ದೇಶಕ್ಕೆ ರಾಮಾಯಣ ತೋರಿಸಿದ (1987ರ ಜನವರಿಯಿಂದ 1988ರ ಜುಲೈವರೆಗೆ) ವ್ಯವಸ್ಥೆಯ ಕಡಿವಾಣ ಹಾಸನದಲ್ಲಿತ್ತು. ಅಲ್ಲಿಂದ ನಲವತ್ತು ಚಿಲ್ಲರೆ ಕಿಲೋಮೀಟರ್ ದೂರದ ಅರಸೀಕೆರೆಯಲ್ಲಿ ನಾವು ಮಾಡಿನ ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಿದ್ದೆವು. "ಬಂತಾ?" "ಇಲ್ಲ, ಇನ್ನೂ ಸ್ವಲ್ಪ ತೆಂಗಿನ ಮರದ ಕಡೆಗೆ!" "ಈಗ?" "ಹಾಂ ಹಾಂ... ಅಯ್ಯೋ ಹೋಯ್ತಲ್ಲೋ!" ಈ ಸಂಭಾಷಣೆ ಆಡದ ಮನೆ ನಮ್ಮ ಕಡೆ ಇರಲಿಲ್ಲ.

ಆ ಮೀನಿನ ಮುಳ್ಳಿನಂಥ ಆಂಟೆನಾ ಜಪಾನಿನ ಯಾಗಿ ಮತ್ತು ಉದ ಎಂಬಿಬ್ಬರು 1926ರ ಸುಮಾರಿಗೆ ರೂಪಿಸಿದ್ದು. ಅದರಿಂದ ಇಳಿದು ಬರುತ್ತಿದ್ದದ್ದು ಚಪ್ಪಟೆಯಾದ, ರಿಬ್ಬನ್ನಿನಂಥ ಎರಡೆಳೆ ತಂತಿ, 300 ಓಮ್‌ನದ್ದು. ಟೀವಿಯ ಬೆನ್ನಿನಲ್ಲಿ ಎರಡು ಸ್ಕ್ರೂ. ಇಷ್ಟೇ. ಟೀವಿಯೊಳಕ್ಕೆ ಹೋಗುವ ಬಾಗಿಲು ಇದೊಂದೇ. ಇದು ಮುಖ್ಯ. ಮುಂದೆ ಬಂದ ಪ್ರತಿಯೊಂದು ಯಂತ್ರವೂ ಈ ಬಾಗಿಲಲ್ಲಿ ನುಸುಳಬೇಕಾದರೆ ತಾನೂ ಒಂದು ದೂರದರ್ಶನ ಕೇಂದ್ರ ಎಂದು ವೇಷ ಹಾಕಬೇಕಿತ್ತು.

ವೇಷ ಹಾಕಿದವರಲ್ಲಿ ಮೊದಲನೆಯದು ವೀಸಿಪಿ. ಮದುವೆ, ಗಣಪತಿ ಹಬ್ಬ, ಯಾರದೋ ಮನೆಯ ಗೃಹಪ್ರವೇಶ, ಏನಾದರೊಂದು ನೆಪಕ್ಕೆ ಬಾಡಿಗೆಗೆ ತಂದು ರಾತ್ರಿಯಿಡೀ ಮೂರು ಸಿನಿಮಾ. ಆ ಪೆಟ್ಟಿಗೆಯೊಳಗೆ ಆರ್‌ಎಫ್ ಮಾಡ್ಯುಲೇಟರ್ ಎಂಬ ಬೆಂಕಿಪೊಟ್ಟಣದಷ್ಟು ಡಬ್ಬಿ ಇರುತ್ತಿತ್ತು. ಕ್ಯಾಸೆಟ್ಟಿನ ಚಿತ್ರ, ಧ್ವನಿ ಎರಡನ್ನೂ ಮತ್ತೆ ಅಲೆಯ ಮೇಲೆ ಹತ್ತಿಸಿ, ಒಂದು ಖಾಲಿ ಚಾನೆಲ್ಲಿನಲ್ಲಿ ಬಿಡುತ್ತಿತ್ತು. ಟೀವಿಯ ಗುಂಡಿಯನ್ನು ಅಲ್ಲಿಗೆ ತಿರುಗಿಸಿ ನಿಲ್ಲಿಸಬೇಕು.

ಎರಡನೆಯದು ಕಂಪ್ಯೂಟರ್. ಲ್ಯಾಪ್‌ಟಾಪನ್ನು ಟೀವಿಗೆ ಸಿಕ್ಕಿಸುವುದು ಹೊಸ ಚಟ ಅಂತ ಅನ್ನಿಸಬಹುದು. ತಿರುವುಮುರುವು. ಮನೆಯ ಕಂಪ್ಯೂಟರ್ ಹುಟ್ಟಿದ್ದೇ ಟೀವಿಯ ಕೊಸರಾಗಿ. 1982ರಲ್ಲಿ ಬ್ರಿಟನ್ನಿನಲ್ಲಿ ಬಂದ ಸಿಂಕ್ಲೇರ್ ಸ್ಪೆಕ್ಟ್ರಮ್‌ಗೆ ತನ್ನದೇ ಪರದೆ ಅಂತ ಇರಲೇ ಇಲ್ಲ. ಮನೆಯ ಟೀವಿಯ ಆಂಟೆನಾ ತೂತಿಗೆ ಸಿಕ್ಕಿಸಿ 36ನೇ ಚಾನೆಲ್ ಹಿಡಿದರೆ ಅಕ್ಷರ ಮೂಡುತ್ತಿತ್ತು. ನಮ್ಮ ಕೇಂದ್ರ ಸರ್ಕಾರ 1984-85ರಲ್ಲಿ ಕ್ಲಾಸ್ ಅನ್ನುವ ಯೋಜನೆಯಲ್ಲಿ ಸುಮಾರು 250 ಶಾಲೆಗಳಿಗೆ ಕಂಪ್ಯೂಟರ್ ಕೊಡಲು ಹೊರಟಾಗ ಆರಿಸಿದ್ದು ಬಿಬಿಸಿ ಮೈಕ್ರೋ, ಅದನ್ನೂ ಮಾಮೂಲಿ ಟೀವಿಗೆ ಹಾಕಬಹುದಿತ್ತು. ಇನ್ನೂ ಒಂದು ವಿಷಯ: ಸ್ಪೆಕ್ಟ್ರಮ್ ಮೊದಲ ಮಾದರಿಯಲ್ಲಿ ಚಿತ್ರ ಟೀವಿಗೆ ಹೋಗುತ್ತಿತ್ತು, ಪೀಂ ಪೀಂ ಸದ್ದು ಮಾತ್ರ ಕೀಲಿಮಣೆಯ ಕೆಳಗಿನ ಪುಟಾಣಿ ಸ್ಪೀಕರಿನಿಂದಲೇ. ಸದ್ದೂ ಟೀವಿಗೆ ಹೋಗುವಂತಾದದ್ದು ಕೆಲವು ವರ್ಷ ಬಿಟ್ಟು, 128 ಮಾದರಿಯಲ್ಲಿ. ಲ್ಯಾಪ್‌ಟಾಪಿನ ಚಿತ್ರ ಟೀವಿಯಲ್ಲಿ, ಹಾಡು ಲ್ಯಾಪ್‌ಟಾಪಿನಲ್ಲೇ ಅಂತ ತಲೆ ಚಚ್ಚಿಕೊಳ್ಳುತ್ತೇವಲ್ಲ, ಆ ತಲೆನೋವಿಗೆ ನಲವತ್ತು ವರ್ಷ ದಾಟಿದೆ.

ಅಲೆಯ ವೇಷ ಹಾಕಿ ಬಿಚ್ಚುವುದರಲ್ಲಿ ಚಿತ್ರ ಸವೆಯುತ್ತದೆ. ವೇಷವೇ ಬೇಡ, ಹಿತ್ತಿಲ ಬಾಗಿಲು ತೆಗೆಯಿರಿ ಅಂತ ಬಂದದ್ದು ಹಳದಿ, ಕೆಂಪು, ಬಿಳಿ ತೂತುಗಳು. ಈ ಗುಂಡನೆಯ ಪ್ಲಗ್ಗು ಅಮೆರಿಕದ ಆರ್‌ಸಿಎ ಕಂಪನಿ 1930ರ ದಶಕದಲ್ಲಿ ರೇಡಿಯೋ-ಗ್ರಾಮಫೋನು ಪೆಟ್ಟಿಗೆಯೊಳಗೆ ಬಳಸಿದ್ದು. ಅರ್ಧ ಶತಮಾನದ ಮೇಲೆ ಟೀವಿಯ ಬೆನ್ನಿಗೆ ಬಂತು. ಹಳದಿಯದು ಚಿತ್ರ, ಬಿಳಿಯದು ಎಡಗಿವಿಗೆ, ಕೆಂಪು ಬಲಗಿವಿಗೆ. ಒಂದೇ ಸ್ಪೀಕರಿನ ಟೀವಿಗೆ ಕೆಂಪು ಇರುತ್ತಲೇ ಇರಲಿಲ್ಲ, ಅಂಗಡಿಯವನು ಕೊಟ್ಟ ತಂತಿಯ ಕೆಂಪು ತುದಿ ಅನಾಥವಾಗಿ ನೇತಾಡುತ್ತಿತ್ತು.

ಆ ಹಳದಿ ತಂತಿಯೊಳಗೆ ಏನಿದೆ ಅನ್ನೋದನ್ನ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ನಮ್ಮ ಮನೆಯ ಒಂದು ಹಳೇ ವ್ಯಾಜ್ಯ ಅದರಿಂದಲೇ ತೀರ್ಮಾನವಾಯಿತು.

ಭಾರತ 1982ರಲ್ಲಿ, ದೆಹಲಿ ಏಷ್ಯನ್ ಕ್ರೀಡಾಕೂಟದ ವರ್ಷ, ಬಣ್ಣದ ಟೀವಿಗೆ ಬಂದಾಗ ಒಪ್ಪಿಕೊಂಡದ್ದು ಜರ್ಮನಿಯ ಪ್ಯಾಲ್ ಪದ್ಧತಿಯನ್ನು. ಟೆಲಿಫಂಕನ್ ಕಂಪನಿಯ ವಾಲ್ಟರ್ ಬ್ರೂಖ್ 1960ರ ದಶಕದ ಮೊದಲಲ್ಲಿ ರೂಪಿಸಿದ್ದು. 625 ಗೆರೆ, ಸೆಕೆಂಡಿಗೆ 25 ಚಿತ್ರ. ಇದರ ಜಾಣತನ ಏನೆಂದರೆ ಕಪ್ಪು-ಬಿಳುಪು ಚಿತ್ರವನ್ನು ಇದ್ದ ಹಾಗೇ ಬಿಟ್ಟು, ಬಣ್ಣವನ್ನು 4.43 ಮೆಗಾಹರ್ಟ್ಸಿನ ಬೇರೊಂದು ಸಣ್ಣ ಅಲೆಯಲ್ಲಿ ಅದರ ಬೆನ್ನಿಗೆ ಕಟ್ಟಿದ್ದು. ಬಣ್ಣದ ಸೆಟ್ಟು ಅದನ್ನು ಬಿಚ್ಚಿಕೊಳ್ಳುತ್ತದೆ. ಹಳೇ ಸೆಟ್ಟಿಗೆ ಅದು ಗೊತ್ತೇ ಆಗುವುದಿಲ್ಲ. ಅಂದರೆ ನಾವು ಕಪ್ಪು-ಬಿಳುಪಿನಲ್ಲಿ ನೋಡುತ್ತಿದ್ದ ವರ್ಷಗಳಲ್ಲೂ ಬಣ್ಣ ಮನೆಯ ತನಕ ಬರುತ್ತಲೇ ಇತ್ತು. ನಮ್ಮ ಪೆಟ್ಟಿಗೆ ಅದನ್ನು ಒಳಗೆ ಕರೆಯುತ್ತಿರಲಿಲ್ಲ.

ವ್ಯಾಜ್ಯ ಇದು. 'ಅಮರಶಿಲ್ಪಿ ಜಕಣಾಚಾರಿ', 1964ರ ಬಿ.ಎಸ್. ರಂಗಾ ಅವರ ಸಿನಿಮಾ. ಕಲ್ಯಾಣ್ ಕುಮಾರ್, ಬಿ. ಸರೋಜಾದೇವಿ. ಕನ್ನಡದ ಮೊದಲ ಪೂರ್ಣ ಪ್ರಮಾಣದ ವರ್ಣಚಿತ್ರ, ಅದೂ ನಮ್ಮ ಬೇಲೂರಿನ ಐತಿಹ್ಯದ ಶಿಲ್ಪಿಯ ಕಥೆ. (ಐತಿಹ್ಯ ಅಂತಲೇ ಹೇಳಬೇಕು. ಬೇಲೂರಿನ ಶಿಲ್ಪಗಳ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಮುಂತಾದವರ ಹೆಸರು ಕೆತ್ತಿದೆ, ಜಕಣಾಚಾರಿಯದು ಜನರ ನಾಲಿಗೆಯ ಮೇಲಿರುವ ಹೆಸರು. ಆ ಜಗಳ ಇನ್ನೊಮ್ಮೆ.) ಅಪ್ಪ ಹುಡುಗರಾಗಿದ್ದಾಗ ಟೆಂಟಿನಲ್ಲಿ ಇದನ್ನು ನೋಡಿದ್ದರಂತೆ. "ಬಣ್ಣದ್ದು ಕಣೇ" ಅನ್ನುತ್ತಿದ್ದರು. ಅಮ್ಮ ನೋಡಿದ್ದು ಕೇಬಲ್ ಬಂದ ಮೇಲೆ, ನಮ್ಮ ಹಳೇ ಕಪ್ಪು-ಬಿಳುಪು ಸೆಟ್ಟಿನಲ್ಲಿ. "ನಾನೇ ಕಣ್ಣಾರೆ ನೋಡಿದೀನಿ, ಎಲ್ಲಿತ್ತು ಬಣ್ಣ? ನಿಮಗೆ ಯಾವುದೋ ಬೇರೆ ಸಿನಿಮಾದ ನೆನಪು" ಅಂತ ಅವರ ವಾದ. ಹತ್ತು ವರ್ಷ ನಡೆಯಿತು ಇದು. ಊಟಕ್ಕೆ ಕೂತಾಗ, ಬೇಲೂರಿಗೆ ಹೊರಟಾಗ, ಸರೋಜಾದೇವಿ ಪೇಪರಿನಲ್ಲಿ ಬಂದಾಗ. ಆ ಸೆಟ್ಟಿನಲ್ಲಿ ಯಾವುದೂ ಬಣ್ಣದಲ್ಲಿ ಕಾಣುವುದಿಲ್ಲ ಎಂಬ ಸಣ್ಣ ವಿಷಯ ಅಮ್ಮನಿಗೆ ವಾದದ ಭರದಲ್ಲಿ ಲೆಕ್ಕಕ್ಕಿರಲಿಲ್ಲ, ಅಪ್ಪನಿಗೂ ಹೇಳಬೇಕೆಂದು ತೋಚಲಿಲ್ಲ.

2006ರಲ್ಲಿ ನಾನು ಕೆಲಸದ ಲ್ಯಾಪ್‌ಟಾಪು ಹೊತ್ತುಕೊಂಡು ಊರಿಗೆ ಬಂದಾಗ ಬಿ.ಎಚ್. ರಸ್ತೆಯ ಅಂಗಡಿಯೊಂದರಲ್ಲಿ ಆ ಸಿನಿಮಾದ ವೀಸಿಡಿ ಸಿಕ್ಕಿತು. ಹೊತ್ತಿಗೆ ಮನೆಯಲ್ಲಿ ಬಣ್ಣದ ಟೀವಿ ಇತ್ತು, ವೀಸಿಡಿ ಪ್ಲೇಯರ್ ಇರಲಿಲ್ಲ. ಆ ಕಾಲದ ಲ್ಯಾಪ್‌ಟಾಪುಗಳ ಪಕ್ಕದಲ್ಲಿ ಎಸ್-ವಿಡಿಯೋ ಅಂತ ಗುಂಡನೆಯ, ಸಣ್ಣ ಸಣ್ಣ ಕಣ್ಣುಗಳ ತೂತು ಇರುತ್ತಿತ್ತು, 1987ರಲ್ಲಿ ಜೆವಿಸಿ ಕಂಪನಿಯ ಸೂಪರ್ ವಿಎಚ್‌ಎಸ್ ಜೊತೆ ಪ್ರಚಾರಕ್ಕೆ ಬಂದದ್ದು. ಅದಕ್ಕೊಂದು ತುಂಡು ಅಡಾಪ್ಟರ್ ಹಾಕಿದರೆ ಹಳದಿ ತೂತಾಗುತ್ತದೆ. ಧ್ವನಿಗೆ ಹೆಡ್‌ಫೋನಿನ ತೂತಿನಿಂದ ಕೆಂಪು-ಬಿಳಿಗೆ ಒಂದು ತಂತಿ. ಎಲ್ಲ ಸಿಕ್ಕಿಸಿ ಹಾಕಿದೆ. ಹಾಡು ಬಂತು, ಚಿತ್ರ ಬಂತು. ಕಪ್ಪು-ಬಿಳುಪು!

"ನೋಡಿದ್ಯಾ? ನಾನು ಹೇಳಿರಲಿಲ್ವಾ?" ಅಂದರು ಅಮ್ಮ, ಅಡುಗೆಮನೆ ಬಾಗಿಲಲ್ಲಿ ನಿಂತು.

ಲ್ಯಾಪ್‌ಟಾಪುಗಳು ಕಾರ್ಖಾನೆಯಿಂದ ಬರುವಾಗ ಟೀವಿಗೆ ಕಳಿಸುವ ಚಿತ್ರ ಅಮೆರಿಕದ ಎನ್‌ಟಿಎಸ್‌ಸಿ ಪದ್ಧತಿಯಲ್ಲೇ ಇರುತ್ತಿತ್ತು. ಅದರಲ್ಲಿ ಬಣ್ಣದ ಗಂಟು 3.58 ಮೆಗಾಹರ್ಟ್ಸಿನಲ್ಲಿ. 4.43ರಲ್ಲಿ ಹುಡುಕುವ ನಮ್ಮ ಟೀವಿಗೆ ಅದು ಸಿಗುವುದಿಲ್ಲ, ಬಣ್ಣ ಇಲ್ಲ ಅಂತ ತೀರ್ಮಾನಿಸುತ್ತದೆ. ಡಿಸ್‌ಪ್ಲೇ ಸೆಟ್ಟಿಂಗಿನೊಳಗೆ, ಅದರೊಳಗಿನ ಅಡ್ವಾನ್ಸ್ಡ್ ಅನ್ನುವುದರೊಳಗೆ, ಮತ್ತೊಂದರೊಳಗೆ ಹೊಕ್ಕು ದೇಶಗಳ ಪಟ್ಟಿಯಲ್ಲಿ ಪ್ಯಾಲ್-ಬಿ ಆರಿಸಿದೆ. ಪರದೆ ಒಂದು ಕ್ಷಣ ಕಪ್ಪಾಗಿ, ಆಮೇಲೆ ಸರೋಜಾದೇವಿಯ ಸೀರೆಗೆ ಬಣ್ಣ ಬಂತು.

ಅಮ್ಮ ಸೌಟು ಹಿಡಿದುಕೊಂಡೇ ಬಂದು ಕುರ್ಚಿಯ ತುದಿಯಲ್ಲಿ ಕೂತರು. ತುಂಬ ಹೊತ್ತು ಮಾತಾಡಲಿಲ್ಲ. "ಅವ್ರು ಹೇಳಿದ್ದೇ ಸರಿ ಹಾಗಾದ್ರೆ" ಅಂದರು. ಅಪ್ಪ ಹೋಗಿ ಆಗ ಒಂದು ವರ್ಷವಾಗಿತ್ತು.

ಮುಂದಕ್ಕೆ ಹೋಗೋಣ. ಸಿನಿಮಾಕ್ಕೆ ಹಳದಿ ತಂತಿ ಸಾಕಿತ್ತು. ಆದರೆ ನಾವು ಬ್ಲಾಗು ಬರೆಯುವ ಜಾತಿ, ಟೀವಿಯಲ್ಲಿ ಕನ್ನಡ ಅಕ್ಷರ ಕಾಣಬೇಕಲ್ಲ! ಅದೇ ರಜೆಯಲ್ಲಿ ವಿಂಡೋಸ್ ಎಕ್ಸ್‌ಪಿಯ ತುಂಗಾ ಅಕ್ಷರದಲ್ಲಿದ್ದ ಒಂದು ಪುಟವನ್ನು ಟೀವಿಗೆ ಕಳಿಸಿ ನೋಡಿದ್ದೆ. ಇಂಗ್ಲಿಷು ಕಷ್ಟಪಟ್ಟು ಓದಬಹುದಿತ್ತು. ಕನ್ನಡ ಆಗಲೇ ಇಲ್ಲ, ಕಣ್ಣಲ್ಲಿ ನೀರು ಬಂತು. ಕಾರಣ ಹುಡುಕಿದಾಗ ಸ್ವಾರಸ್ಯವಾದದ್ದು ಸಿಕ್ಕಿತು. ಹಳೇ ಟೀವಿ ಎಲ್ಲ ಗೆರೆಗಳನ್ನು ಒಟ್ಟಿಗೆ ಬಿಡಿಸುವುದಿಲ್ಲ. ಮೊದಲು ಬೆಸ ಸಂಖ್ಯೆಯ ಗೆರೆ, ಆಮೇಲೆ ಸಮ ಸಂಖ್ಯೆಯದು. ಒಂದೇ ಗೆರೆಯಷ್ಟು ತೆಳುವಾದ, ಅಡ್ಡಡ್ಡ ಇರುವ ಏನೇ ಆದರೂ ಎರಡರಲ್ಲಿ ಒಂದು ಸರತಿಯಲ್ಲಿ ಮಾತ್ರ ಬರುತ್ತದೆ, ಸೆಕೆಂಡಿಗೆ 25 ಸಲ ಮಿಟುಕುತ್ತದೆ. ಕನ್ನಡದಲ್ಲಿ ಅಂಥ ತೆಳು ಅಡ್ಡಗೆರೆ ಎಲ್ಲಿದೆ ಹೇಳಿ? ತಲಕಟ್ಟು! ಸಾಲು ಸಾಲು ತಲಕಟ್ಟುಗಳು ಒಟ್ಟಿಗೆ ನಡುಗುತ್ತವೆ, ಗಾಳಿಗೆ ಸಿಕ್ಕ ತೋರಣದ ಹಾಗೆ. ಇನ್ನು ಒತ್ತಕ್ಷರಗಳು ಮೂರು-ನಾಲ್ಕು ಚುಕ್ಕೆಯೊಳಗೆ ಮುದುಡಿ ಕೂತು, ಕ್ಕ ಯಾವುದು ತ್ತ ಯಾವುದು ತಿಳಿಯುತ್ತಿರಲಿಲ್ಲ. ಜೊತೆಗೆ ಪಿಕ್ಚರ್ ಟ್ಯೂಬಿನ ಟೀವಿಗಳು ಚಿತ್ರದ ನಾಲ್ಕೂ ಅಂಚನ್ನು ಚೌಕಟ್ಟಿನ ಹಿಂದೆ ಮುಚ್ಚಿಕೊಳ್ಳುತ್ತಿದ್ದವು, ಸ್ಟಾರ್ಟ್ ಬಟನ್ನೇ ಮಾಯ.

ಧ್ವನಿಯದ್ದು ಬೇರೆ ಕಾಟ. ಹೆಡ್‌ಫೋನ್ ತೂತಿಗೆ ಹಾಕುವ ಆ ಮೂರೂವರೆ ಮಿಲಿಮೀಟರ್ ಪಿನ್ನು ಇಡೀ ಸಂಸಾರದಲ್ಲೇ ಹಿರಿಯ ಮನೆತನದ್ದು, 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜಿನ ಕಾಲು ಇಂಚಿನ ಪ್ಲಗ್ಗಿನ ಮೊಮ್ಮಗ. ಅದರ ತಪ್ಪೇನೂ ಇಲ್ಲ. ಆದರೆ ಲ್ಯಾಪ್‌ಟಾಪಿನ ಚಾರ್ಜರ್ ಹಾಕಿದ ಕೂಡಲೇ ಟೀವಿಯಿಂದ "ಗುಂಯ್" ಅಂತ ದುಂಬಿ ಹೊಕ್ಕಂಥ ಸದ್ದು. ಲ್ಯಾಪ್‌ಟಾಪು ಗೋಡೆಯ ಅರ್ತು ಹಿಡಿದಿರುತ್ತದೆ, ಟೀವಿ ಕೇಬಲ್ಲಿನವನ ತಂತಿಯ ಮೂಲಕ ಬೀದಿಯಾಚೆಯ ಇನ್ನೊಂದು ಅರ್ತು ಹಿಡಿದಿರುತ್ತದೆ. ಎರಡರ ನಡುವಿನ ವ್ಯತ್ಯಾಸ ನಮ್ಮ ಧ್ವನಿ ತಂತಿಯ ಮೈಮೇಲೆ 50 ಹರ್ಟ್ಸಿನಲ್ಲಿ ಹರಿಯುತ್ತದೆ. ಮದ್ದು ಸುಲಭ: ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ, ಇಲ್ಲವೇ ಕೇಬಲ್ಲಿನ ತಂತಿಯನ್ನು ಟೀವಿಯಿಂದ ಬಿಚ್ಚಿ.

ಎಲ್‌ಸಿಡಿ ಟೀವಿಗಳು ಬಂದ ಮೇಲೆ ನೀಲಿ ತೂತಿನ ಕಾಲ. ವಿಜಿಎ, ಐಬಿಎಂ ಕಂಪನಿ 1987ರಲ್ಲಿ ತನ್ನ ಪಿಎಸ್/2 ಯಂತ್ರದಲ್ಲಿ ತಂದದ್ದು. ಕೆಂಪು, ಹಸಿರು, ನೀಲಿ ಮೂರಕ್ಕೂ ಬೇರೆ ಬೇರೆ ಎಳೆ, ಹಾಗಾಗಿ ಅಕ್ಷರ ಕಡೆದಿಟ್ಟ ಹಾಗೆ. ತಲಕಟ್ಟುಗಳು ಕೊನೆಗೂ ನಿಂತವು. ಹಳೇಬೀಡಿನಲ್ಲಿ ನಮ್ಮ ಚಿಕ್ಕಪ್ಪನ ಮನೆಯ ಗೋಡೆ ಟೀವಿಗೆ ಹೀಗೆ ಸಿಕ್ಕಿಸಿ, ಹೊಯ್ಸಳೇಶ್ವರ ದೇವಾಲಯದ ತಳಪಟ್ಟಿಕೆಯ ಫೋಟೋಗಳನ್ನು ಒಂದೊಂದಾಗಿ ತೋರಿಸಿದ್ದೆ. ಕೆಳಗಿನ ಸಾಲಿನ ಆನೆಗಳಲ್ಲಿ ಒಂದರ ಹಾಗೆ ಇನ್ನೊಂದಿಲ್ಲ ಅಂತಾರಲ್ಲ, ದೇವಸ್ಥಾನದ ಪಕ್ಕದಲ್ಲೇ ಹುಟ್ಟಿ ಬೆಳೆದ ಚಿಕ್ಕಪ್ಪ ಕನ್ನಡಕ ಹಾಕಿಕೊಂಡು ಪರದೆ ಹತ್ತಿರ ಹೋಗಿ ಸೊಂಡಿಲು ಸೊಂಡಿಲು ಹೋಲಿಸಿ ನೋಡಿದರು. ವಿಜಿಎಯಲ್ಲಿ ಧ್ವನಿಗೆ ಒಂದೂ ಎಳೆ ಇಲ್ಲ. ಫೋಟೋ ಮುಗಿದು ಮೊಮ್ಮಗಳ ನೃತ್ಯದ ವಿಡಿಯೋ ಹಾಕಿದಾಗ ಚಿಕ್ಕಮ್ಮ ಕೇಳಿದರು, "ಇದೇನಪ್ಪಾ, ಕುಣಿಯೋಳು ಗೋಡೆ ಮೇಲೆ, ತಾಳ ಹಾಕೋನು ಮೇಜಿನ ಮೇಲೆ?" ಇದಕ್ಕಿಂತ ಚೆನ್ನಾಗಿ ವಿಜಿಎಯನ್ನು ವಿವರಿಸಿದ್ದನ್ನು ನಾನು ಎಲ್ಲೂ ಓದಿಲ್ಲ.

ಈ ಎರಡನ್ನೂ ಒಂದೇ ತಂತಿಗೆ ತಂದದ್ದು ಎಚ್‌ಡಿಎಂಐ. ಹಿಟಾಚಿ, ಪ್ಯಾನಸಾನಿಕ್, ಫಿಲಿಪ್ಸ್, ಸೋನಿ, ತೋಷಿಬಾ, ಥಾಮ್ಸನ್, ಸಿಲಿಕಾನ್ ಇಮೇಜ್, ಈ ಏಳು ಕಂಪನಿ ಸೇರಿ 2002ರ ಡಿಸೆಂಬರಿನಲ್ಲಿ ಮೊದಲ ಆವೃತ್ತಿ ಹೊರಡಿಸಿದವು. ನಮ್ಮ ಕಡೆಯ ಮನೆಗಳಿಗೆ ಅದು ಬರಲು ಇನ್ನೂ ಏಳೆಂಟು ವರ್ಷ ಬೇಕಾಯಿತು. ಎಲ್ಲವೂ ಅಂಕಿ, ಅಲೆ ಇಲ್ಲ, ಗುಂಯ್ ಇಲ್ಲ. ಆದರೆ ಇದರೊಳಗೆ ಧ್ವನಿಗೆ ಜಾಗ ಎಲ್ಲಿ ಮಾಡಿದರು ಗೊತ್ತೇ? ಹಳೇ ಪಿಕ್ಚರ್ ಟ್ಯೂಬಿನಲ್ಲಿ ಎಲೆಕ್ಟ್ರಾನ್ ಕಿರಣ ಒಂದು ಗೆರೆ ಬರೆದು ಮುಗಿಸಿ ಮುಂದಿನ ಗೆರೆಯ ಮೊದಲಿಗೆ ವಾಪಸ್ ಓಡಬೇಕಿತ್ತು. ಆ ಓಟದ ಹೊತ್ತಿನಲ್ಲಿ ಪರದೆಗೆ ಏನೂ ಬರೆಯದೆ ಸುಮ್ಮನಿರುವುದು ಪದ್ಧತಿ. ಎಲ್‌ಸಿಡಿಯಲ್ಲಿ ಓಡುವ ಕಿರಣವೇ ಇಲ್ಲ, ಆದರೂ ಆ ಸುಮ್ಮನಿರುವ ಕ್ಷಣವನ್ನು ಯಾರೂ ತೆಗೆದುಹಾಕಲಿಲ್ಲ. ಎಚ್‌ಡಿಎಂಐನವರು ಧ್ವನಿಯನ್ನು ಪುಟ್ಟ ಪುಟ್ಟ ಗಂಟು ಕಟ್ಟಿ ಅದೇ ಬಿಡುವಿನಲ್ಲಿ ತುರುಕಿದರು. ನನಗೆ ಈ ಇಡೀ ಪುರಾಣದಲ್ಲಿ ಬಹಳ ಹಿಡಿಸಿದ ಅಧ್ಯಾಯ ಇದು. ಇವತ್ತು ನಿಮ್ಮ ಲ್ಯಾಪ್‌ಟಾಪಿನಿಂದ ಟೀವಿಗೆ ಹೋಗುವ ಹಾಡು, ಸತ್ತುಹೋದ ಪಿಕ್ಚರ್ ಟ್ಯೂಬಿನ ಉಸಿರಾಟದ ಸಂದಿನಲ್ಲಿ ಕೂತು ಹೋಗುತ್ತಿದೆ.

(ಎಚ್‌ಡಿಎಂಐ ಹಾಕಿಯೂ ಸದ್ದು ಲ್ಯಾಪ್‌ಟಾಪಿನಿಂದಲೇ ಬರುತ್ತಿದ್ದರೆ ಗಾಬರಿ ಬೇಡ. ಸ್ಪೀಕರ್ ಚಿಹ್ನೆ ಒತ್ತಿ, ಪಟ್ಟಿಯಲ್ಲಿ ಟೀವಿಯ ಹೆಸರು ಆರಿಸಿ. ಚಿತ್ರ ಬಾರದಿದ್ದರೆ ವಿಂಡೋಸ್ ಕೀಲಿ ಮತ್ತು ಪಿ ಒಟ್ಟಿಗೆ ಒತ್ತಿ. ಅಂಚು ಕತ್ತರಿಸಿದ್ದರೆ ಟೀವಿಯ ಮೆನುವಿನಲ್ಲಿ ಸ್ಕ್ರೀನ್ ಫಿಟ್, ಜಸ್ಟ್ ಸ್ಕ್ಯಾನ್ ಅಂತ ಏನೋ ಒಂದಿರುತ್ತದೆ.)

ಆಮೇಲಿನದು ನಿಮಗೆಲ್ಲ ಗೊತ್ತು. 2013ರಲ್ಲಿ ಕ್ರೋಮ್‌ಕಾಸ್ಟ್ ಬಂತು, 2016ರಲ್ಲಿ ಡೇಟಾ ಅಗ್ಗವಾಯಿತು, ಟೀವಿಯೇ ಕಂಪ್ಯೂಟರ್ ಆಯಿತು. ದೂರದರ್ಶನ ತನ್ನ ಅನಲಾಗ್ ಪ್ರಸಾರವನ್ನು 2022ರ ಹೊತ್ತಿಗೆ ಹೆಚ್ಚುಕಡಿಮೆ ಪೂರ್ತಿ ನಿಲ್ಲಿಸಿತು. ಹೊಸ ಲ್ಯಾಪ್‌ಟಾಪುಗಳಲ್ಲಿ ಎಸ್-ವಿಡಿಯೋ ಇಲ್ಲ, ವಿಜಿಎ ಇಲ್ಲ, ಎಷ್ಟೋ ಹೊಸ ಟೀವಿಗಳಲ್ಲಿ ಹಳದಿ ತೂತೂ ಇಲ್ಲ.

ಇದರಲ್ಲಿ ಅಳುವಂಥದ್ದೇನು ಅಂತ ನಾನೂ ಅಂದುಕೊಂಡಿದ್ದೆ, ಬೇಲೂರಿನ ಅಕ್ಕನ ಮನೆ ಅಟ್ಟದಿಂದ ನಾಲ್ಕು ವಿಎಚ್‌ಎಸ್ ಕ್ಯಾಸೆಟ್ಟು ಇಳಿಯುವ ತನಕ. ಅಕ್ಕನ ಮದುವೆಯದು ಒಂದು, ಉಳಿದವು ನಾಮಕರಣ, ಗೃಹಪ್ರವೇಶ ಇತ್ಯಾದಿ. ಬೇಲೂರು ಮಲೆನಾಡಿನ ಹೊಸ್ತಿಲು, ಮಳೆಗಾಲದ ತಂಪು ಅಟ್ಟದಲ್ಲಿ ಹೊಕ್ಕು ಎರಡು ಕ್ಯಾಸೆಟ್ಟಿನ ಟೇಪಿನ ಅಂಚಿಗೆ ಬಿಳಿ ಬೂಷ್ಟು ಹಿಡಿದಿತ್ತು. ಒಣಹವೆಯ ಅರಸೀಕೆರೆಯಲ್ಲಿಟ್ಟಿದ್ದರೆ ಧೂಳು ಮಾತ್ರ ಆಗಿರುತ್ತಿತ್ತೇನೋ. ಈಗ ದಾರಿ ಉಲ್ಟಾ. ಟೀವಿಗೆ ಹೋಗಬೇಕಾದದ್ದು ಲ್ಯಾಪ್‌ಟಾಪಿಗೆ ಬರಬೇಕು. ಅದಕ್ಕೊಂದು ವೀಸಿಆರ್ ಬೇಕು. ಜಗತ್ತಿನಲ್ಲಿ ಕೊನೆಯದಾಗಿ ವೀಸಿಆರ್ ಮಾಡುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರ ಜುಲೈನಲ್ಲೇ ಕೈ ಎತ್ತಿತು. ನೆಂಟರೊಬ್ಬರ ಶೋಕೇಸಿನಲ್ಲಿ ಗಣಪತಿ ಮೂರ್ತಿಗೆ ಪೀಠವಾಗಿದ್ದ ಒಂದು ಸಿಕ್ಕಿತು. ಹಳದಿ-ಕೆಂಪು-ಬಿಳಿ ಒಂದು ತುದಿಗೆ, ಯುಎಸ್‌ಬಿ ಇನ್ನೊಂದು ತುದಿಗೆ ಇರುವ ಕ್ಯಾಪ್ಚರ್ ಕಡ್ಡಿ ಒಂದನ್ನು ಬೆಂಗಳೂರಿಂದ ತರಿಸಿದೆ.

ಮದುವೆಯ ಕ್ಯಾಸೆಟ್ಟು ಬೂಷ್ಟು ಹಿಡಿದ ಎರಡರಲ್ಲಿ ಒಂದು. ಒಣಬಟ್ಟೆಯಲ್ಲಿ ನಿಧಾನವಾಗಿ ಒರೆಸಿ ಹಾಕಿದೆ. ಧಾರೆಯ ಭಾಗ ಬರುವ ಹೊತ್ತಿಗೆ ಚಿತ್ರ ಹರಿದು ಚಿಂದಿ, ಪರದೆ ತುಂಬ ಹಿಮ. ಧ್ವನಿ ಮಾತ್ರ ನೆಟ್ಟಗಿತ್ತು. ವಿಎಚ್‌ಎಸ್ ಟೇಪಿನಲ್ಲಿ ಚಿತ್ರವನ್ನು ತಿರುಗುವ ಹೆಡ್ಡು ಓರೆ ಓರೆಯಾಗಿ ಬರೆಯುತ್ತದೆ, ಧ್ವನಿಯನ್ನು ಕದಲದ ಬೇರೊಂದು ಹೆಡ್ಡು ಟೇಪಿನ ಮೇಲಂಚಿನಲ್ಲಿ ಉದ್ದಕ್ಕೆ ಬರೆಯುತ್ತದೆ. ನಮ್ಮ ಟೇಪಿಗೆ ಬೂಷ್ಟು ಹಿಡಿದಿದ್ದದ್ದು ಹೆಚ್ಚಾಗಿ ಕೆಳಗಿನ ಅಂಚಿಗೆ. ವಾಲಗದ ನಡುವೆ ಅಪ್ಪ ಯಾರಿಗೋ ಕೂಗಿ ಹೇಳುತ್ತಿದ್ದಾರೆ, "ಮೊದಲ ಪಂಕ್ತಿಗೆ ಬೇಲೂರಿನವರನ್ನ ಕೂರ್ಸಪ್ಪಾ, ಅವರ ಬಸ್ಸಿಗೆ ಹೊತ್ತಾಗುತ್ತೆ." ನಮ್ಮ ಮನೆಯಲ್ಲಿ ಅಪ್ಪನ ಫೋಟೋಗಳು ಬೇಕಾದಷ್ಟಿವೆ. ದನಿ ಇರುವುದು ಇದೊಂದು ಕಡೆ.

ಆ ಒಂದೂವರೆ ನಿಮಿಷವನ್ನು ಲ್ಯಾಪ್‌ಟಾಪಿಗೆ, ಒಂದು ಪೆನ್ ಡ್ರೈವಿಗೆ, ಅಕ್ಕನ ಮೊಬೈಲಿಗೆ, ಮೂರು ಕಡೆ ಹಾಕಿಟ್ಟಿದ್ದೇನೆ. ಇನ್ನೆರಡು ಕ್ಯಾಸೆಟ್ಟು ಬಾಕಿ ಇವೆ. ವೀಸಿಆರಿನ ಬೆಲ್ಟು ಸಡಿಲವಾಗಿ ಟೇಪು ಜಗಿಯಲು ಶುರುಮಾಡಿದೆ, ಹಾಸನದಲ್ಲಿ ರಿಪೇರಿ ಮಾಡುವವರೊಬ್ಬರು ಇದ್ದಾರೆ ಅಂತ ಬಾವ ಹೇಳಿದ್ದಾರೆ. ಬರುವ ಭಾನುವಾರ ಹೊತ್ತುಕೊಂಡು ಹೋಗಬೇಕು.